ಮಾತೆಯ ತಲೆಗೆ ಉಣ್ಣೆ ಟೋಪಿ

ಜನವರಿ 27, ಬೆಳಿಗ್ಗೆ ಏಳು ಗಂಟೆ. ಫಾದರ್ ಸೆವೆರೊ ಏದುಸಿರು ಬಿಡುತ್ತ ಕಾಂಚಪಾಂಪ ಠಾಣೆಗೆ ಬಂದರು. ಚರ್ಚಿನ ಕಂದೆಲಾರಿಯಾ ದೇವಮಾತೆಯ ಮೂರ್ತಿಯ ಕಿರೀಟ ಕಳುವಾಗಿತ್ತು. ಸ್ಪೇನಿನ ರಾಜರ ಕಾಲದಲ್ಲಿ ಊರ ಬೆಟ್ಟದ ಗಣಿಯ ಬೆಳ್ಳಿಯಿಂದ ಮಾಡಿ ಪಚ್ಚೆ ಕೂರಿಸಿದ ಕಿರೀಟ. ಹಬ್ಬಕ್ಕೆ ವಾರವೂ ಉಳಿದಿರಲಿಲ್ಲ.

ಇನ್ಸ್‌ಪೆಕ್ಟರ್ ಅಬೆಲಾರ್ದೊ ತಾಪಿಯಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ನೆಲ್ವಾಳೊಂದಿಗೆ ಚರ್ಚಿಗೆ ಹೋದ. ಪಂಚನಾಮೆಗೆ ಹೆಚ್ಚೇನೂ ಸಿಗಲಿಲ್ಲ. ಬೀಗ ಮುರಿದಿರಲಿಲ್ಲ, ಕಾಣಿಕೆ ಡಬ್ಬಿ ಮುಟ್ಟಿರಲಿಲ್ಲ. ಆದರೆ ಮಾತೆಯ ತಲೆಯ ಮೇಲೆ ಕಿವಿ ಮುಚ್ಚುವ ಉಣ್ಣೆ ಟೋಪಿ ಇತ್ತು, ಗಂಡಸರು ಹಾಕುವಂಥದ್ದು.

“ಕಳ್ಳ ಗೇಲಿ ಮಾಡಿದಾನೆ,” ಎಂದರು ಫಾದರ್.

“ಗೇಲಿ ಮಾಡೋನು ಗಲ್ಲದ ಕೆಳಗೆ ಗಂಟು ಹಾಕ್ತಾನಾ ಫಾದರ್?” ಎಂದಳು ನೆಲ್ವಾ. “ಚಳಿ ಆಗ್ಬಾರ್ದು ಅಂತ ಹಾಕಿದ ಹಾಗಿದೆ.”

“ಬೀಗದ ಕೈ ಯಾರ ಹತ್ರ ಇರುತ್ತೆ?” ತಾಪಿಯಾ ಕೇಳಿದ.

“ಒಂದು ನನ್ನ ಹತ್ರ. ಇನ್ನೊಂದು ಕಸ ಗುಡಿಸೋ ಎಸ್ತಾಕಿಯಾ ಹತ್ರ. ಪಾಪ, ಮಗ ಹೋದ್ಮೇಲೆ ಅವಳಿಗೆ ಊಟದ ಗ್ಯಾನವೂ ಇಲ್ಲ. ಅವಳಲ್ಲ ಬಿಡಿ.”

ತಾಪಿಯಾಗೆ ಅವಳು ಗೊತ್ತು. ನವೆಂಬರಿನಲ್ಲಿ ಅದೇ ಬೆಟ್ಟದ ಗಣಿ ಕುಸಿದು ಅವಳ ಮಗ ರುಫೀನೊ ಒಳಗೇ ಉಳಿದಾಗ ದೂರು ಬರೆದುಕೊಂಡವನು ಅವನೇ. ಪಟ್ಟಣದಿಂದ ಬಂದ ರಕ್ಷಣಾ ತಂಡ, ಒಳಗೆ ನೀರು ನಿಂತಿದೆ, ಇಳಿಯಲಾಗದು ಎಂದು ಬರೆದುಕೊಟ್ಟು ಹೋಗಿತ್ತು.

ಟೋಪಿಯನ್ನು ಸಂತೆಯಲ್ಲಿ ಆಲೂಗಡ್ಡೆ ಮಾರುವ ಹೆಂಗಸಿಗೆ ತೋರಿಸಿದ.

“ಯಾರ ಹೆಣಿಗೆ ಇದು?”

ಅವಳು ತಿರುಗಿಸಿ ನೋಡಿ ವಾಪಸ್ ಕೊಟ್ಟಳು. “ಗೊತ್ತಿದ್ದೂ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಾ ಸಾಹೇಬ್ರೆ? ರುಫೀನೋದು. ಅವರಮ್ಮ ಹೆಣೆದದ್ದು.”

ಎಸ್ತಾಕಿಯಾ ಮನೆಯಲ್ಲಿರಲಿಲ್ಲ. ಕುಸಿದ ಗಣಿಯ ಬಾಯಲ್ಲಿ, ಜಿನುಗು ಮಳೆಯಲ್ಲಿ ಕೂತಿದ್ದಳು.

“ಕಿರೀಟ ಎಲ್ಲಮ್ಮ?”

“ಒಳಗೆ.” ಕಪ್ಪು ಗುಂಡಿಯತ್ತ ಗಲ್ಲ ಎತ್ತಿದಳು. “ಎಸೆದೆ.”

“ಯಾಕೆ?”

“ಬೆಟ್ಟದೊಳಗಿರೋ ದೈವ, ಗಣಿಯೊಡೆಯ, ಅವನಿಗೆ ಕೋಕಾ ಎಲೆ ಇಟ್ಟೆ, ಸಾರಾಯಿ ಸುರಿದೆ, ಲಾಮಾ ಮರಿ ಕೊಯ್ದೆ. ಮಗನ್ನ ಬಿಡಲಿಲ್ಲ. ಕಿರೀಟದ ಬೆಳ್ಳಿ ಅವನದೇ ಅಲ್ವಾ? ನಿನ್ನದು ನೀನು ತಗೋ, ನನ್ನದು ನನಗೆ ಕೊಡು ಅಂದೆ.”

“ಮಾತೆಗೆ ಏನು ಹೇಳ್ದೆ?” ನೆಲ್ವಾ ಮೆಲ್ಲಗೆ ಕೇಳಿದಳು.

“ಅವಳೂ ಮಗನ್ನ ಕಳ್ಕೊಂಡೋಳು. ಕೇಳ್ಕೊಂಡೇ ತಗೊಂಡೆ.”

ಮಧ್ಯಾಹ್ನ ಬಂಧನವಾಯಿತು. ಸಂಜೆ ಪಟ್ಟಣದಿಂದ ಫೋನ್ ಬಂತು: ಕಿರೀಟ ತೆಗೆಯಲು ನಾಳೆ ಅದೇ ತಂಡ ಪಂಪುಗಳ ಸಮೇತ ಬರುತ್ತದೆ.

ಸುದ್ದಿ ಕೇಳಿ ಎಸ್ತಾಕಿಯಾ ಲಾಕಪ್ಪಿನ ಕಂಬಿ ಹಿಡಿದು ಎದ್ದು ನಿಂತಳು. “ಕಿರೀಟಕ್ಕೆ ಇಳೀತಾರಾ? ಹಾಗಾದ್ರೆ ರುಫೀನೋನ್ನೂ ಎತ್ತಿ ಕೊಡ್ತಾರೆ. ನೀಲಿ ಅಂಗಿ ಹಾಕಿದ್ದ ಅಂತ ಹೇಳಿ ಸಾಹೇಬ್ರೆ.”

ತಾಪಿಯಾ ಹೇಳುತ್ತೇನೆ ಎಂದ. ತಂಡಕ್ಕೆ ಹೇಳಿದ ಕೂಡ.

ಮರುದಿನ ಪಂಪುಗಳು ಮಧ್ಯಾಹ್ನದವರೆಗೂ ಓಡಿದವು. ನೀರು ಒಂದು ಗೇಣೂ ಇಳಿಯಲಿಲ್ಲ. ತಂಡ ಸಾಮಾನು ಕಟ್ಟಿಕೊಂಡು ಹೊರಟಿತು. ತಾಪಿಯಾ ಠಾಣೆಗೆ ಬಂದಾಗ ಎಸ್ತಾಕಿಯಾ ಜಡೆ ಬಿಗಿದು, ಮುಖ ತೊಳೆದು ಕಾಯುತ್ತಿದ್ದಳು.

“ಸಿಕ್ಕಿದ್ನಾ?”

ತಾಪಿಯಾ ಇಲ್ಲವೆಂದು ತಲೆ ಅಲ್ಲಾಡಿಸಿದ.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಅವನು ಬರೆದದ್ದು ಇಷ್ಟೇ: ಆರೋಪಿಯು ಮಗನ ದೇಹವನ್ನು ಎಲ್ಲರ ಬಳಿಯೂ ಕೇಳಿದ್ದಳು, ಈ ಠಾಣೆಯಲ್ಲೂ ಕೇಳಿದ್ದಳು.