ಬೆಲ್ಲದ ರಂಜಕ

"ಈ ರಂಜಕ ಯಾರು ಮಾಡ್ಯಾರ್ರೀ?"

ಬಾಗಿಲಲ್ಲಿ ನಿಂತವನ ಧ್ವನಿಯಲ್ಲಿ ಸಿಟ್ಟಿತ್ತು. ಎರಡು ಕೈಯಲ್ಲಿ ಎರಡು ಬಾಟಲಿ. ಎರಡರ ಮೇಲೂ ಒಂದೇ ಚೀಟಿ: 'ಸಾವಿತ್ರೆವ್ವನ ರಂಜಕ, ಜಮಖಂಡಿ'.

ಒರಳಿನ ಮುಂದೆ ಕೂತಿದ್ದ ಸೌಂದರ್ಯಾಳ ಕೈ ಅಲ್ಲೇ ನಿಂತಿತು. ರಂಜಕವೆಂಬ ಕೆಂಪು ಚಟ್ನಿಯ ಹಣ್ಣು ಮೆಣಸಿನಕಾಯಿ, ಬಳ್ಳುಳ್ಳಿ, ನಿಂಬೆರಸ, ಉಪ್ಪು... ಮೊಣಕೈವರೆಗೂ ಕೆಂಪಗೆ ಮೆತ್ತಿಕೊಂಡ ಕೈ.

ಅವಳ ಕಾಕು, ಚಿಕ್ಕಪ್ಪನ ಹೆಂಡತಿ ಸಾವಿತ್ರೆವ್ವ, ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಮಾಡಿದಾಕಿ ನಾನ. ಹೆಸರು ಕಾಣವಲ್ದೇನು?"

"ಹೆಸರು ಕಾಣತೈತ್ರಿ. ರುಚಿ ಕಾಣವಲ್ದು." ಅವನು ಬಾಟಲಿಗಳನ್ನು ಕಟ್ಟೆಯ ಮೇಲಿಟ್ಟ. "ನಾ ಗೌರೀಶ. ಮುಧೋಳದಾಗ ಖಾನಾವಳಿ ನಡಸ್ತೇನಿ. ನಾಲ್ಕು ತಿಂಗಳಾತು, ನಿಮ್ಮ ರಂಜಕ ಹಾಕೇ ಜುಣಕಾ ಮಾಡಾಕತ್ತೇನಿ. ಉಣ್ಣಾಕ ಬಂದವರು ತಾವಾಗೇ ಇನ್ನೊಂದು ರೊಟ್ಟಿ ಕೇಳತಿದ್ರು. ಈ ಸಲದ ಬಾಟಲಿ ಹಾಕಿದೆ, ಒಬ್ಬರೂ ಕೇಳಲಿಲ್ಲ. ಇದು ಒಬ್ಬರ ಕೈದು, ಇದು ಇನ್ನೊಬ್ಬರ ಕೈದು. ಹೌದಲ್ಲೋ?"

ಸೌಂದರ್ಯಾ ಥಟ್ಟನೆ ಕಾಕುವಿನ ಕಡೆ ನೋಡಿದಳು!

ಹೌದು. ಹಿಂದಿನ ತಿಂಗಳು ಅವಳು ಜ್ವರ ಬಂದು ಎರಡು ದಿನ ಮಲಗಿದ್ದಳು. ಆ ಎರಡು ದಿನ ಭರಣಿಗೆ ಕೈ ಹಾಕಿದವಳು ಕಾಕು. ಅದನ್ನು ಈ ಮನೆಯ ಗೋಡೆಗಳಿಗೂ ಹೇಳಿರಲಿಲ್ಲ.

ಅವನ ಕಣ್ಣು ಕಾಕುವನ್ನು ದಾಟಿ ಆ ಕೆಂಪು ಕೈಗಳ ಮೇಲೆ ಬಿತ್ತು. ಅಲ್ಲೇ ನಿಂತಿತು. ಸಿಟ್ಟು ಎಲ್ಲಿಗೆ ಹೋಯಿತೋ!

"ಕೈ... ಉರಿಯಾಂಗಿಲ್ಲೇನ್ರಿ?" ಮೆಲ್ಲಗೆ ಕೇಳಿದ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು. ಸೌಂದರ್ಯಾ ಮತ್ತೆ ಒರಳಿಗೆ ಕೈ ಹಾಕಿದಳು. ಕಣ್ಣಲ್ಲಿ ನೀರು ಬಂತು, ಖಾರ ತಾಗಿತೆಂದು ತೋಳಿನಿಂದ ಒರೆಸಿಕೊಂಡಳು.

*

ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಹನ್ನೆರಡರ ಹುಡುಗಿಯನ್ನು ತಂದು ಸಾಕಿದವಳು ಈ ಕಾಕು. ತನ್ನ ತಟ್ಟೆಯ ತುಪ್ಪವನ್ನು ಇವಳ ರೊಟ್ಟಿಗೆ ಸುರಿದವಳು. ಅದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ.

ಆದರೆ ಆ ಮನೆಗೊಂದು ಕಟ್ಟಳೆಯಿತ್ತು. ರಂಜಕ ತುಂಬಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಇಪ್ಪತ್ತೊಂದು ದಿನ ಅದು ಪಕ್ವವಾಗಬೇಕು. ಮೂರು ಹೊತ್ತೂ ಬಿಚ್ಚಿ, ಕಟ್ಟಿಗೆಯ ಸೌಟಿನಿಂದ ತಿರುವಿ, ಮತ್ತೆ ಕಟ್ಟಬೇಕು. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆ ಕೈ ಸೋಕಬಾರದು. ಆ ಕೈ ಅಷ್ಟು ದಿನ ಊರು ಬಿಟ್ಟು ಹೋಗಲೂಬಾರದು.

ಕಾಕುವಿನ ಅತ್ತೆಯ ಕಾಲದಲ್ಲಿ ಇದು ವರ್ಷಕ್ಕೊಮ್ಮೆ ಬರುವ ವ್ರತದಂತಿತ್ತು. ಇಪ್ಪತ್ತೊಂದು ದಿನ ಕಳೆದರೆ ಮುಗಿಯಿತು.

ಈಗ? ಚೀಟಿ ಅಂಟಿಸಿದ ಬಾಟಲಿಗಳು. ಫೋನಿನಲ್ಲಿ ಆರ್ಡರು. ಹುಬ್ಬಳ್ಳಿಗೆ, ಸೋಲಾಪುರಕ್ಕೆ, ಪುಣೆಗೆ. ಒಂದು ಭರಣಿ ಬಿಚ್ಚುವುದರೊಳಗೆ ಇನ್ನೆರಡು ಕಟ್ಟಿರುತ್ತಿದ್ದವು. ಸೌಂದರ್ಯಾಳ ಇಪ್ಪತ್ತೊಂದು ದಿನ ಮುಗಿಯುವುದೇ ಇಲ್ಲ!

ನಾಲ್ಕು ವರ್ಷದಿಂದ ಅವಳು ಜಮಖಂಡಿ ದಾಟಿರಲಿಲ್ಲ. ಅನಗವಾಡಿಯಲ್ಲಿ ಗೆಳತಿ ಕಾವ್ಯಳ ಮದುವೆಗೂ ಹೋಗಲಿಲ್ಲ. ಎರಡು ಸಲ ಇವಳನ್ನು ನೋಡಲು ಬರುತ್ತೇವೆಂದು ಗಂಡಿನ ಕಡೆಯವರು ಹೇಳಿಕಳಿಸಿದ್ದರು.

"ಈ ಭರಣಿ ಒಂದು ಆಗಲಿ ಬೇ, ಆಮ್ಯಾಲ ನೋಡೂಣು," ಎನ್ನುತ್ತಿದ್ದಳು ಕಾಕು.

ಆ ಆಮೇಲೆ ಬರಲೇ ಇಲ್ಲ. ಇದ್ದದ್ದು ಒಂದು ಫೋನು, ಅದೂ ಆರ್ಡರಿನ ನೆಪದಲ್ಲಿ ಕಾಕುವಿನ ಸೊಂಟದ ಚೀಲದಲ್ಲಿ. ಸೌಂದರ್ಯಾಳಿಗೆ ಉಳಿದದ್ದು ಕಿಟಕಿ. ಅಲ್ಲಿಂದ ಮುಧೋಳದ ಬಸ್ಸು ತಿರುವಿನಲ್ಲಿ ಮರೆಯಾಗುವುದು ಕಾಣುತ್ತಿತ್ತು.

*

ಅಂದಿನಿಂದ ಗೌರೀಶ ವಾರಕ್ಕೊಮ್ಮೆ ತಾನೇ ಬಂದು ಬಾಟಲಿ ಒಯ್ಯತೊಡಗಿದ. ಬರುವಾಗ ಕೈಯಲ್ಲೊಂದು ಸ್ಟೀಲಿನ ಡಬ್ಬಿ.

"ನಿಮ್ಮ ರಂಜಕದ್ದೇ ಅಡಗಿ. ರುಚಿ ನೋಡಿ ತಪ್ಪಿದ್ರ ಹೇಳ್ರಿ."

ಒಮ್ಮೆ ಹೆಸರುಕಾಳಿನ ಉಸುಳಿ. ಒಮ್ಮೆ ರಂಜಕದ ಒಗ್ಗರಣೆ ಬಿದ್ದ ಮೊಸರವಲಕ್ಕಿ. ಒಮ್ಮೆ ಎಣಗಾಯಿ, ಅದರ ಹೊಟ್ಟೆಯೊಳಗೆ ಶೇಂಗಾಪುಡಿಯ ಜತೆ ಇವಳ ಖಾರ.

"ಬದನಿಕಾಯಿ ಬೇಯೂಕಿಂತ ಮದಲ ರಂಜಕ ಹಾಕೀರಿ," ಎಂದಳು ಅವಳು. "ಒಲಿಯಿಂದ ಇಳಸೂ ಮುಂದ ಹಾಕ್ರಿ. ಇಲ್ಲಂದ್ರ ನಿಂಬಿಹಣ್ಣಿನ ವಾಸನಿ ಹೋಗಿಬಿಡ್ತೈತಿ."

"ಮೂಗಿನಿಂದ ಹಿಡದ್ರೇನು?"

"ನಾಲಿಗಿಯಿಂದ ರೀ. ನಿಮಗ ಒಬ್ಬರಿಗೇ ಐತೇನು?"

ಅವನು ನಕ್ಕುಬಿಟ್ಟ. ಅವಳೂ ನಕ್ಕಳು. ಒಳಗಿನಿಂದ ಕಾಕು ಕೆಮ್ಮಿದಳು.

ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದಲ್ಲ? ಅವಳು ಒಮ್ಮೆ ಸಕ್ಕರೆ ಹಾಕಿದಳು, ಒಮ್ಮೆ ನಾಲ್ಕು ನಿಂಬೆಹಣ್ಣು, ಒಮ್ಮೆ ಏನೂ ಸಿಗದೆ ತುಳಸಿ ಎಲೆ. ಭರಣಿಯ ಕಟ್ಟಳೆಯನ್ನೂ ಮಾತಿನ ನಡುವೆ ಅವನಿಗೆ ಹೇಳಿದ್ದಳು. ವಾರದ ಏಳು ದಿನದಲ್ಲಿ ಆ ಒಂದು ದಿನ ಮಾತ್ರ ಮನೆಗೆ ಬಾಗಿಲಿದೆ ಎನ್ನಿಸುತ್ತಿತ್ತು ಅವಳಿಗೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅವನು ಡಬ್ಬಿ ಕೊಟ್ಟು ಹೋಗದೆ ನಿಂತ. ಕಾಕು ಒಳಗೆ ಫೋನಿನಲ್ಲಿದ್ದಳು.

"ಎಲ್ಲಾ ಅಡಗಿಗೂ ನಿಮ್ಮ ರಂಜಕ ಹಾಕಿ ನೋಡಿದೆ. ಸಿಹಿ ಒಂದು ಉಳದೈತಿ," ಎಂದ. ಕಿವಿ ಕೆಂಪಾಗಿತ್ತು. "ಇವತ್ತ ಡಬ್ಬಿಯೊಳಗ ಅಡಗಿಯಿಲ್ಲ. ನಮ್ಮೂರ ಬೆಲ್ಲ ಐತಿ. ನಿಮ್ಮ ಮನಸಿನಾಗ ನಾ ಇದ್ರ... ಬೆಲ್ಲ ಹಾಕಿ ಹೊಳ್ಳಿ ಕಳಸ್ರಿ. ಅವ್ವನ್ನ ಕರಕೊಂಡು ಕೇಳಾಕ ಬರತೇನಿ. ಇಲ್ಲಂದ್ರ ಬರೇ ಖಾರ ಹಾಕಿ ಕಳಸ್ರಿ. ನಾ ತಿಳಕೊಂತೇನಿ, ಎದುರಿಗೆ ಹೇಳೂ ತ್ರಾಸ ನಿಮಗ ಬ್ಯಾಡ."

ಅವನು ಹೋದ. ಅವಳು ಬೆಲ್ಲದ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಮುಚ್ಚಳ ತೆಗೆದು ಒಂದು ಚೂರು ಬಾಯಿಗಿಟ್ಟುಕೊಂಡು ನಕ್ಕಳು!

ಬರೀ ಬೆಲ್ಲ ಕಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಹುಡುಗಿ ಅಡುಗೆಯವಳು ನೋಡಿ! 'ನಾನು ಬರಿ ಸಿಹಿಯಲ್ಲ, ನನ್ನ ಉರಿಯ ಸಮೇತ ಬರುವವಳು,' ಎಂದುಕೊಂಡಳು. ಬೆಲ್ಲವನ್ನು ಪಾಕಕ್ಕಿಟ್ಟು, ಒಣಶುಂಠಿ ಹಾಕಿ, ತನ್ನ ಕೈಯ ರಂಜಕ ಬೆರೆಸಿ ಕುದಿಸಿದಳು. ಶೇಂಗಾ ಹೋಳಿಗೆಯ ಮೇಲೆ ಹಾಕಿ ತಿಂದರೆ ಮೊದಲು ಸಿಹಿ, ಆಮೇಲೆ ಮೆಲ್ಲಗೆ ಗಂಟಲಲ್ಲಿ ಬಿಸಿ. ಇಂಥದ್ದನ್ನು ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಡಬ್ಬಿ ತುಂಬಿಸಿ, ಬೇರೆ ಊರುಗಳಿಗೆ ಬಾಟಲಿ ಒಯ್ಯುವ ಆಟೋದ ಪರಮೇಶನ ಕೈಗೆ ಕೊಟ್ಟಳು.

ಮುಂದಿನ ವಾರ ಗೌರೀಶ ಬರಲಿಲ್ಲ.

ಅದರ ಮುಂದಿನ ವಾರವೂ... ಇಲ್ಲ.

ಮೂರನೆಯ ವಾರ ಅವಳು ಬಾಗಿಲ ಕಡೆ ನೋಡುವುದನ್ನು ಬಿಟ್ಟಳು. 'ಅವನ ಅವ್ವ ಬೇಡ ಅಂದಿರಬೇಕು. ಅಪ್ಪ ಅವ್ವ ಇಲ್ಲದವಳನ್ನು ಯಾರು ತರುತ್ತಾರೆ?' ಭರಣಿ ಬಿಚ್ಚಿದಳು, ತಿರುವಿದಳು, ಕಟ್ಟಿದಳು. ಬಿಚ್ಚಿದಳು, ತಿರುವಿದಳು, ಕಟ್ಟಿದಳು. ಕಾಕು ಹೊಸದಾಗಿ ಎರಡು ಭರಣಿ ತರಿಸಿದಳು. ಅವು ಅಂಗಳದಲ್ಲಿ ಇಳಿದಾಗ ಸೌಂದರ್ಯಾ ಕಿಟಕಿ ಮುಚ್ಚಿದಳು.

ನಾಲ್ಕನೆಯ ವಾರ ಕಾಕು ಪಕ್ಕದ ಮನೆಗೆ ಹೋದ ಹೊತ್ತಿನಲ್ಲಿ ಪರಮೇಶ ಬಂದ. ಅವಳು ಧೈರ್ಯ ಮಾಡಿದಳು.

"ಅಣ್ಣಾ... ಆ ಡಬ್ಬಿ ಅವರಿಗೆ ಮುಟ್ಟಿತ್ತೇನು?"

"ಅವತ್ತ ಮುಟ್ಟಿಸೇನಿ ತಂಗಿ. ಮುಚ್ಚಳ ತಗದು ನೋಡಿದ್ರು. ಕೆಂಪು ಕಂಡಕೂಡಲೇ ಮುಚ್ಚಿಬಿಟ್ರು. ಮುಖ ಇಷ್ಟ ಸಣ್ಣದಾತು. ಗಲ್ಲಾದ ಹಿಂದ ಇಟ್ಟಾರ, ಯಾರಿಗೂ ಮುಟ್ಟಗೊಡವಲ್ರು."

"ತಿಂದು ನೋಡಲಿಲ್ಲ?!"

"ಇಲ್ಲ ತಂಗಿ!"

ಅಯ್ಯೋ ದೇವರೇ! ಯಾರ ಕೈ ಎಂದು ಒಂದು ಚೂರಿನಲ್ಲಿ ಹೇಳಿದ ನಾಲಿಗೆ! ಆ ನಾಲಿಗೆಯನ್ನು ಬಾಯೊಳಗೇ ಇಟ್ಟುಕೊಂಡು, ಬರೀ ಕಣ್ಣಿನಿಂದ ನೋಡಿ ಖಾರ ಎಂದು ತೀರ್ಮಾನಿಸಿದ್ದ ಶಾಣ್ಯಾ! ಅವಳಿಗೆ ಅಳು ಬಂತು, ನಗು ಬಂತು, ಅವನ ತಲೆಗೆ ಮೊಟಕಬೇಕು ಎನ್ನಿಸಿತು.

ಪರಮೇಶನ ಕೈಯಲ್ಲಿ ಹೇಳಿಕಳಿಸಬಹುದಿತ್ತು. ಆದರೆ ಇದು ಹೇಳಿಕಳಿಸುವ ಮಾತೇ?

*

"ಕಾಕು, ನಾ ಮುಧೋಳಕ್ಕ ಹೊಂಟೇನಿ."

ಆಗಷ್ಟೇ ಮರಳಿದ್ದ ಸಾವಿತ್ರೆವ್ವ ಹೊಸ್ತಿಲಲ್ಲೇ ನಿಂತಳು. "ಹುಚ್ಚು ಹಿಡೀತೇನ ನಿನಗ? ಮೂರು ಭರಣಿ ಕಟ್ಟೀದಿ!"

"ನೀ ತಿರುವು."

"ನನ್ನ ಕೈ ಸೋಕಬಾರದು. ಕಟ್ಟಿದ ಕೈನ..."

"ಗೊತ್ತೈತಿ."

ಸೌಂದರ್ಯಾ ಕೋಣೆಗೆ ಹೋದಳು. ಮೊದಲ ಭರಣಿಯ ಗಂಟು ಬಿಚ್ಚಿದಳು. ಎರಡನೆಯದು. ಮೂರನೆಯದು. ಮೂರೂ ಬಾಯಿ ತೆರೆದು ಕೂತವು. ಖಾರ, ಹುಳಿ, ಬಳ್ಳುಳ್ಳಿಯ ವಾಸನೆ ಮನೆಯೆಲ್ಲ ತುಂಬಿತು.

"ಕಟ್ಟಿದ ಕೈನ ಬಿಚ್ಚೈತಿ ನೋಡು," ಎಂದಳು. ಬಟ್ಟೆಯನ್ನು ಕಾಕುವಿನ ಕೈಯಲ್ಲಿಟ್ಟಳು. "ಈಗ ನೀ ಕಟ್ಟು. ನೀ ಕಟ್ಟಿದ್ರ ಇನ್ನ ಬಿಚ್ಚೂ ಕೈ ನಿಂದ."

ಕಾಕು ಬಟ್ಟೆಯನ್ನು ನೋಡಿದಳು, ಭರಣಿಗಳನ್ನು ನೋಡಿದಳು. ಕಟ್ಟಳೆ ಮುರಿದಿರಲಿಲ್ಲ! ಒಂದು ಎಳೆಯೂ ಮುರಿದಿರಲಿಲ್ಲ.

"ಅಂವ ಕಂಡುಹಿಡದನಲ್ಲ ಬೇ..." ಎಂದಳು ಕಾಕು. ಕಣ್ಣು ತುಂಬಿದ್ದವು. "ಎರಡ ದಿನ ಕೈ ಹಾಕಿದ್ದಕ್ಕ ರುಚಿ ಹೋತು ಅಂದ. ನೀ ಹೋದ್ರ ನನ್ನ ಹೆಸರು ಚೀಟಿ ಮ್ಯಾಲಷ್ಟ ಉಳೀತೈತಿ. ಈ ಅಂಜಿಕಿ ಮದಲಿಂದಾನೂ ಇತ್ತು, ಅದಕ್ಕ... ಅದಕ್ಕ ನಿನ್ನ ಬಿಡಲಿಲ್ಲ. ತಪ್ಪಾತು."

ಎಷ್ಟು ವರ್ಷದ ಸಿಟ್ಟು ಗಂಟಲಲ್ಲಿತ್ತು! ಆದರೆ ಎದುರಿಗಿದ್ದದ್ದು ತುಪ್ಪ ಸುರಿದ ಅದೇ ಕೈ. ಸೌಂದರ್ಯಾ ಆ ಕೈ ಹಿಡಿದಳು. ಭರಣಿಯ ಬಾಯಿಗೆ ಬಟ್ಟೆ ಹೊದಿಸಿದಳು.

"ಕದ್ದು ತಿರುವಿದ್ದಿ, ಅಂಜಿ ತಿರುವಿದ್ದಿ. ಅದಕ್ಕ ತಳದಾಗ ಉಪ್ಪು ಕುಂತಿತ್ತು. ತಳಾ ಮುಟ್ಟುಹಂಗ ತಿರುವು. ನಿನ್ನ ಕೈಗೂ ಒಂದು ರುಚಿ ಐತಿ ಕಾಕು. ನಂದು ಬ್ಯಾರೆ, ನಿಂದು ಬ್ಯಾರೆ."

ಸಾವಿತ್ರೆವ್ವ ಮೂಗು ಒರೆಸಿಕೊಂಡು, ಬಿಗಿಯಾಗಿ ಗಂಟು ಹಾಕಿದಳು. ಮೊದಲನೆಯದು. ಎರಡನೆಯದು. ಮೂರನೆಯದನ್ನು ಕಟ್ಟುತ್ತಾ, ಮುಖ ಎತ್ತದೆ ಹೇಳಿದಳು:

"ಸೀರಿ ಬದಲಿಸಿಕೊಂಡು ಹೋಗ ಬೇ. ಮೈಯೆಲ್ಲಾ ಖಾರ ನಾರತೈತಿ."

*

ಮಧ್ಯಾಹ್ನದ ಊಟದ ಹೊತ್ತು. ಮುಧೋಳದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು. ಸೌಂದರ್ಯಾ ಮೂಲೆಯ ಟೇಬಲ್ಲಿಗೆ ಹೋಗಿ ಕೂತಳು. ಬಸ್ಸಿನ ಗಾಳಿಗೆ ಕೂದಲು ಕೆದರಿತ್ತು, ಸರಿಮಾಡಿಕೊಳ್ಳುವುದು ನೆನಪಾಗಲಿಲ್ಲ.

ತಾಟು ಹಿಡಿದು ಬಂದ ಗೌರೀಶ ಮೂರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ.

"ನೀವು... ಇಲ್ಲೆ?"

"ಉಣ್ಣಾಕ ಬಂದೇನಿ. ಒಂದು ಶೇಂಗಾ ಹೋಳಿಗಿ ಕೊಡ್ರಿ. ಮ್ಯಾಲ ಗಲ್ಲಾದ ಹಿಂದಿನ ಡಬ್ಬಿಯೊಳಗಿಂದು ಹಾಕ್ರಿ."

ಅವನ ಮುಖ ಬಾಡಿತು. "ಅದು ಖಾರ ಐತ್ರಿ. ನನಗ ತಿಳದೈತಿ. ಮತ್ತ ಯಾಕ..."

"ತಿಂದು ನೋಡೀರೇನು?"

"ನೋಡೂದೇನೈತ್ರಿ ಅದರಾಗ..."

"ತಿಂದು ನೋಡೀರೇನು?!"

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಗೌರೀಶ ತೆಪ್ಪಗೆ ಹೋಗಿ ಡಬ್ಬಿ ತಂದ. ಮುಚ್ಚಳ ತೆಗೆದ. ಬೆರಳ ತುದಿಯಿಂದ ಒಂದಿಷ್ಟು ತೆಗೆದು ನಾಲಿಗೆಗಿಟ್ಟುಕೊಂಡ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವನ ಕಣ್ಣು ಮೆಲ್ಲಗೆ ಅಗಲವಾದವು.

"ಬೆಲ್ಲ..." ಎಂದ. ಮತ್ತೆ ಬೆರಳು ಅದ್ದಿದ. "ಇದು... ನಾ ಕೊಟ್ಟ ಬೆಲ್ಲ!"

"ನಾಕು ವಾರ!" ಅವಳು ಟೇಬಲ್ಲಿಗೆ ಕೈ ಬಡಿದಳು. "ನಾಕು ವಾರ ನಾ ಹ್ಯಾಂಗ ಇದ್ದೆ ಗೊತ್ತೈತೇನು? ನೀವ ಸಿಹಿ ಒಂದು ಉಳದೈತಿ ಅಂದ್ರಿ. ನಾ ಮಾಡಿ ಕಳಿಸಿದೆ. ನೀವು ಬಣ್ಣಾ ನೋಡಿ ಮುಚ್ಚಿಟ್ರಿ!"

"ಅಂಜಿದ್ನಿರಿ. ತಿಂದ್ರ ಖರೇನೇ ಬರೇ ಖಾರ ಇದ್ರ ಏನು ಮಾಡ್ಲಿ ಅಂತ... ತಪ್ಪಾತು." ಅವನು ಅಳುತ್ತಲೇ ನಗುತ್ತಿದ್ದ. ಎದುರಿನ ಬೆಂಚಿನಲ್ಲಿ ಕುಸಿದು ಕೂತ. ಟೇಬಲ್ಲಿನ ಮೇಲಿದ್ದ ಅವಳ ಕೈಗಳನ್ನು ನೋಡಿದ, ಅಂದು ನೋಡಿದ ಹಾಗೆಯೇ.

"ಕೈ ಉರಿಯಾಕತ್ತೈತೇನ್ರಿ?"

"ಇವತ್ತಿಲ್ಲ."

ಹಿಂಜರಿಯುತ್ತಾ ಆ ಕೈ ಮೇಲೆ ತನ್ನ ಕೈ ಇಟ್ಟ. ಅವಳು ತೆಗೆಯಲಿಲ್ಲ.

"ನಾಳೆ ಅವ್ವನ್ನ ಕರಕೊಂಡು ಬರತೇನಿ," ಎಂದ. ಆಮೇಲೆ ಫಕ್ಕನೆ ನೆನಪಾಗಿ ಗಾಬರಿಯಾದ. "ಅಲ್ಲಾ, ಸಂಜಿಗೆ ಭರಣಿ ಬಿಚ್ಚಬೇಕಲ್ರೀ ನೀವು! ಮೂರಕ್ಕ ಬಸ್ಸೈತಿ, ಲಗೂನ..."

ಸೌಂದರ್ಯಾ ತಾಟನ್ನು ತನ್ನ ಕಡೆ ಎಳೆದುಕೊಂಡಳು.

"ಭರಣಿ ಕಾಕು ಕಟ್ಯಾಳ್ರಿ," ಎಂದಳು. "ನೀವು ಹೋಳಿಗಿ ತರ್ರಿ. ನನಗೇನೂ ಅವಸರ ಇಲ್ಲ."