ಹೊಸ ಅಳಿಯನ ಬಿಸಿನೀರು

ಯಶ್‌ನ ಕಿವಿಯ ಹಿಂದಿನಿಂದ ಎಳ್ಳೆಣ್ಣೆ ಇಳಿಯುತ್ತಿತ್ತು. ಬಚ್ಚಲಲ್ಲಿ ಬಿಸಿನೀರು ಇರಲಿಲ್ಲ.

“ಪರವಾಗಿಲ್ಲ ಮಾವ, ತಣ್ಣೀರೂ ಕ್ಯಾನ್ ಲಾ, ನಡೆಯುತ್ತೆ,” ಎಂದ ಹೊಸ ಅಳಿಯ, ಟವೆಲ್ ಸುತ್ತಿಕೊಂಡು ಹೊರಗೆ ಬಂದು.

“ಮೊದಲ ದೀಪಾವಳಿಗೆ ಬಂದ ಅಳಿಯನಿಗೆ ತಣ್ಣೀರಾ?” ಅತ್ತೆ ಶೋಭಾ ಗಾಬರಿಯಾದರು. “ರೀ, ಯಾರನ್ನಾದ್ರೂ ಕರೆಸ್ರೀ!”

ಸಿಂಗಾಪುರದ ಹೌಗಾಂಗ್‌ನ ಆ ಫ್ಲ್ಯಾಟ್‌ನಲ್ಲಿ ಹಂಡೆ ಇಲ್ಲ. ಹಿಂದಿನ ಸಂಜೆ, ನೀರು ತುಂಬುವ ಹಬ್ಬಕ್ಕೆ, ಹಿರಿಮಗಳು ಮೀರಾ ಗೋಡೆಯ ವಾಟರ್ ಹೀಟರನ್ನೇ ಒರೆಸಿ, ಅದಕ್ಕೂ ಕೆಳಗಿನ ವಾಲ್ವಿನ ಹಿಡಿಗೂ ಕಲಸಿದ ಕುಂಕುಮದ ಬೊಟ್ಟಿಟ್ಟಿದ್ದಳು. ರಾತ್ರಿ ಎಲ್ಲರಿಗೂ ಬಿಸಿನೀರು ಬಂದಿತ್ತು.

“ಕೆಟ್ಟಿಲ್ಲ. ಕೆಡಿಸಿದ್ದಾರೆ,” ಎಂದಳು ಕಿರಿಮಗಳು, ಯಶ್‌ನ ಹೆಂಡತಿ ಆಶ್ರಿತಾ. ಕಣ್ಣು ಅಕ್ಕನ ಗಂಡ ಮಧ್ವೇಶ್‌ನ ಮೇಲಿತ್ತು. “ನಿನ್ನೆಯಿಂದ ಭಾವನ ಮುಖ ನೋಡಿ!”

“ನನ್ನ ಮೊದಲ ದೀಪಾವಳಿಗೆ ಹಾಕರ್ ಸೆಂಟರ್‌ನಿಂದ ಇಡ್ಲಿ ಪಾರ್ಸಲ್ ಬಂದಿತ್ತು. ಎಣ್ಣೆ, ಆರತಿ ಏನೂ ಇರಲಿಲ್ಲ. ಹೊಟ್ಟೆ ಉರಿದಿದೆ, ಒಪ್ಕೋತೀನಿ,” ಎಂದ ಮಧ್ವೇಶ್. “ಆದ್ರೆ ಹೀಟರ್ ಮುಟ್ಟಿಲ್ಲ.”

“ಬೇರೆ ಯಾರು ಮುಟ್ತಾರೆ?”

ಮಧ್ವೇಶ್ ಬ್ಯಾಗ್ ಎತ್ತಿಕೊಂಡ. “ನಾನು ಕ್ಲೆಮೆಂಟಿಯ ನಮ್ಮ ಮನೆಗೆ ಹೋಗ್ತೀನಿ. ಕೆಡಿಸಿದೋನು ಅನ್ನಿಸ್ಕೊಂಡ ಮನೆಗೆ ಇನ್ನೊಂದು ಸಲ ಬರಲ್ಲ.”

ಮೀರಾ ಆರತಿ ತಟ್ಟೆ ಒರೆಸುತ್ತಲೇ ಇದ್ದಳು.

“ಸ್ವಲ್ಪ ನಿಲ್ಲಿ,” ಎಂದರು ಮಾವ ಸೇತುರಾಮ. ವಿಮಾ ಕಂಪನಿಗೆ ನಷ್ಟದ ತನಿಖೆ ಮಾಡಿಕೊಡುತ್ತಿದ್ದವರು. ನಿವೃತ್ತರಾದರೂ ಅಭ್ಯಾಸ ಹೋಗಿರಲಿಲ್ಲ. “ಯಶ್, ಸ್ವಿಚ್‌ನ ಕೆಂಪು ದೀಪ?”

“ಉರೀತಿದೆ.”

“ಬ್ರೇಕರ್?”

“ಟ್ರಿಪ್ ಆಗಿಲ್ಲ. ಆಗಿದ್ರೆ ಮತ್ತೆ ಆನ್ ಮಾಡಿ ನೋಡಬಹುದಿತ್ತಾ?”

“ಒಂದು ಸಲ. ಮತ್ತೆ ಬಿದ್ರೆ ಕೈ ಹಾಕಬಾರದು, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನೇ ಕರೀಬೇಕು. ಸುಟ್ಟ ವಾಸನೆ, ಸೋರಿಕೆ ಇದ್ರೂ ಅಷ್ಟೇ.” ಎರಡೂ ಇರಲಿಲ್ಲ. “ಈಗ ನಲ್ಲಿಯನ್ನ ಪೂರ್ತಿ ಬಿಸಿ ಕಡೆ ತಿರುಗಿಸಿ.”

ನೀರು ಎರಡು ಹನಿ ಬಿದ್ದು ನಿಂತಿತು.

“ನೋಡಿದ್ರಾ?” ಎಂದರು ಸೇತುರಾಮ. “ನೀರು ಕಾಯಿಸೋ ಎಲಿಮೆಂಟ್ ಸುಟ್ಟಿದ್ರೆ ಈ ಕಡೆಯಿಂದ ತಣ್ಣೀರಾದ್ರೂ ಬರಬೇಕಿತ್ತು. ಇಲ್ಲಿ ನೀರೇ ಇಲ್ಲ. ಹೀಟರ್‌ಗೆ ಹೋಗೋ ನೀರನ್ನ ಯಾರೋ ನಿಲ್ಲಿಸಿದ್ದಾರೆ.”

ಸ್ಟೂಲ್ ಹತ್ತಿದರು. ವಾಲ್ವಿನ ಹಿಡಿ ಪೈಪಿಗೆ ಅಡ್ಡವಾಗಿತ್ತು — ಮುಚ್ಚಿತ್ತು. ಅದನ್ನು ತಿರುಗಿಸದೆ, ಮೊದಲು ಹೀಟರ್ ಮೇಲಿನ ಬೊಟ್ಟನ್ನು, ಆಮೇಲೆ ಹಿಡಿಯ ಬೊಟ್ಟನ್ನು ಮುಟ್ಟಿದರು. ಎರಡನೆಯದಕ್ಕೆ ಬೆರಳು ಕೆಂಪಾಯಿತು.

“ಶೋಭಾ, ಎಣ್ಣೆ ಹಚ್ಚುವಾಗ ನಿನ್ನ ಹತ್ರ ಯಾರಿದ್ರು?”

“ಆಶ್ರಿತಾ. ಇಬ್ಬರೂ ಯಶ್ ಬಿಟ್ಟು ಕದಲಲಿಲ್ಲ.”

“ಹಾಗಾದ್ರೆ ಭಾವನೇ!” ಎಂದಳು ಆಶ್ರಿತಾ.

“ಅವರು ಅಲ್ಲ.” ಸೇತುರಾಮ ಬೆರಳು ತೋರಿಸಿದರು. “ಹೀಟರ್ ಮೇಲಿನ ಬೊಟ್ಟು ಒಣಗಿ ಬಿರಿದಿದೆ. ಹಿಡಿಯ ಬೊಟ್ಟು ಹಸಿ. ಈಗಿಟ್ಟಿದ್ದು. ತಿರುಗಿಸುವಾಗ ಹಳೇದು ಅಳಿಸಿತು. ಅಳಿಸಿದ್ದನ್ನ ಮತ್ತೆ ಇಟ್ಟಿದ್ದಾರೆ. ಸ್ವಿಚ್ ಆರಿಸಿದ್ರೆ ದೀಪ ನೋಡಿ ಯಾರಾದ್ರೂ ಹೇಳಿಬಿಡ್ತಾರೆ ಅಂತ ವಾಲ್ವ್‌ಗೆ ಕೈ ಹಾಕಿದ್ದಾರೆ. ಮಧ್ವೇಶ್ ಹೊಟ್ಟೆಕಿಚ್ಚಿಗೆ ನೀರು ನಿಲ್ಲಿಸಿಯಾರು. ಆದ್ರೆ ಹಬ್ಬದ ದಿನ ವಾಲ್ವಿನ ಹಿಡಿ ಬೋಳಾಗಿರಬಾರದು ಅಂತ ಯಾರಿಗೆ ಅನಿಸುತ್ತೆ? ಮೀರಾ?”

ತಟ್ಟೆ ಒರೆಸುವ ಕೈ ನಿಂತಿತು.

“ಹೌದು ಅಪ್ಪ, ನಾನೇ. ನಮ್ಮ ಮೊದಲ ವರ್ಷ ‘ಸಿಂಗಾಪುರದಲ್ಲಿ ಇದೆಲ್ಲ ಯಾರು ಮಾಡ್ತಾರೆ’ ಅಂದ್ರಿ. ಇವಳಿಗೆ ಎಲ್ಲಾ ಆಯ್ತು. ನನ್ನ ಕೈಯಿಂದಲೇ ಮಾಡಿಸಿದ್ರಿ.”

“ನನ್ನ ಮೇಲೆ ತಪ್ಪು ಹೊರಿಸಿದಾಗ ಯಾಕೆ ಸುಮ್ಮನಿದ್ದೆ?” ಮಧ್ವೇಶ್ ಕೇಳಿದ.

“ನೀವು ಸಿಟ್ಟು ಮಾಡ್ಕೊಂಡು ಹೊರಟ್ರೆ, ನಾನೂ ಹೊರಡಬಹುದಿತ್ತು.”

ಆಶ್ರಿತಾ ತಲೆ ತಗ್ಗಿಸಿ, “ತಪ್ಪಾಯ್ತು ಭಾವ,” ಎಂದಳು. ಮಧ್ವೇಶ್ ಬ್ಯಾಗ್ ಕೆಳಗಿಟ್ಟ.

ಶೋಭಾ ಎಣ್ಣೆ ಬಟ್ಟಲು ಎತ್ತಿಕೊಂಡರು. “ಮೀರಾ, ಮಧ್ವೇಶ್, ಇಬ್ಬರೂ ಕೂತ್ಕೊಳ್ಳಿ.”

ಮೀರಾ ಕೂರಲಿಲ್ಲ. ತಂಗಿಯನ್ನು ನೋಡಿದಳು, ತಾಯಿಯನ್ನು ಕೇಳಿದಳು:

“ಅವಳಿಗಿಂತ ಮೊದಲು ನನಗೆ ಎಣ್ಣೆ ಹಚ್ತೀಯಾ?”