ಒಂದು ಮೊಳದ ಬಾಸ್

ಗಾಳಗಾರರ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ಮೇಜಿನ ಮೇಲಿನ ಬಟ್ಟೆಯನ್ನು ಸರಕ್ಕನೆ ಎಳೆದರು. ಹಿತ್ತಾಳೆಯ ಬಹುಮಾನದ ಕಪ್ಪೊಂದು ಥಳಥಳಿಸಿತು. ಅದರ ನೆತ್ತಿಯ ಮೇಲೆ ಬಾಯಿ ತೆರೆದ ಮೀನು, ಹೊಟ್ಟೆಯ ಮೇಲೆ, ಸಭೆಯಲ್ಲಿ ಕೂತಿದ್ದ ಅಳಿಯನ ತೀರಿಹೋದ ಮಾವನ ಹೆಸರು.

“ಇನ್ನು ಮೇಲೆ ಎಲ್ಲರಿಗಿಂತ ದೊಡ್ಡ ರೀಲು ಬಿಟ್ಟವರಿಗೆ ಈ ಕಪ್ಪು!” ಎಂದು ಕಾರ್ಯದರ್ಶಿ ಘೋಷಿಸಿದರು. “ಜಲಪಾತದ ಮೇಲಿನ ಕೊಳದಲ್ಲಿ ಒಂದು ಮೊಳದ ಬಾಸ್ ಮೀನು ಹಿಡಿದು ಬಿಟ್ಟೆ ಅಂತ ಈ ಹೆಸರಿನ ನಮ್ಮ ಹಿರಿಯರು ಕೊನೇವರೆಗೂ ಹೇಳಿದ್ರು. ಅಲ್ಲಿ ಮೀನಿರಲಿ, ಗೊದಮೊಟ್ಟೆಯೂ ಇಲ್ಲ. ಹಿಡಿದದ್ದು ಸುಳ್ಳು, ಬಿಟ್ಟದ್ದು ಮಾತ್ರ ನಿಜ!”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರೀತಿಯ ನಗುವೇ ಸರಿ, ಆದರೆ ನಗು ನಗುವೇ. ಅಳಿಯನೂ ಅರ್ಧ ನಕ್ಕು, ಹೆಂಡತಿಯ ಮೊಣಕೈ ಪಕ್ಕೆಗೆ ತಿವಿದ ಮೇಲೆ ಉಳಿದರ್ಧವನ್ನು ನುಂಗಿಕೊಂಡ.

ಮೊದಲ ಕಪ್ಪನ್ನು ಮಾವನ ಹೆಂಡತಿಯೇ ಕೊಡಬೇಕೆಂದು ಕರೆದರು. ಅತ್ತೆ ಟೈಲರ್. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಾತಾಡಿ ಅಭ್ಯಾಸವಾಗಿ, ಸೂಜಿ ಇಲ್ಲದಾಗಲೂ ಅವರ ಮಾತು ಹಲ್ಲಿನ ಸಂದಿಯಿಂದ ಚುಚ್ಚಿಕೊಂಡೇ ಹೊರಬರುತ್ತಿತ್ತು.

“ಕಪ್ಪು ಇಲ್ಲೇ ಇರಲಿ. ನಾನು ಹೋಗಿ ನೋಡ್ಕೊಂಡು ಬರ್ತೀನಿ. ಮೀನು ಇಲ್ಲ ಅಂದ್ರೆ ನನ್ನ ಕೈಯಾರೆ ಕೊಡ್ತೀನಿ. ಇದೆ ಅಂದ್ರೆ ಅವರ ಹೆಸರನ್ನ ಇದರಿಂದ ಉಜ್ಜಿ ತೆಗೀಬೇಕು.”

ನಗು ಸ್ವಿಚ್ಚು ಆರಿಸಿದಂತೆ ನಿಂತಿತು.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಮೆಲ್ಲಗೆ ಹೇಳಿದರು. “ಅಳಿಯಂದ್ರೇ, ಅವರು ಆ ಮೀನಿನ ವಿಷಯ ತೆಗೆದಾಗೆಲ್ಲ ನಾನು ಹ್ಞೂಂ ಅಂತಿದ್ದೆ. ನಂಬಿದ ಹ್ಞೂಂ ಅಲ್ಲ. ಮಷೀನು ತುಳೀತಾ ಹಾಕೋ ಹ್ಞೂಂ. ಅದು ಅವರಿಗೂ ಗೊತ್ತಿತ್ತು.”

ಅಳಿಯನ ಬಾಯಿಗೆ ಎರಡು ಜೋಕು ಬಂದಿದ್ದವು. ಎರಡೂ ವಾಪಸು ಹೋದವು.

ಮಾವನ ಗಾಳದ ಕೋಲು ಒಣಗಿ ಸೀಳು ಬಿಟ್ಟಿತ್ತು. ಹೊಸದು ಬೇಕು. ಅತ್ತೆ ಹೊಲಿಗೆ ಮಷೀನಿಗೆ ಮೋಟಾರು ಹಾಕಿಸಲು ಎತ್ತಿಟ್ಟಿದ್ದ ದುಡ್ಡನ್ನು ಮಗಳ ಕೈಗೆ ಕೊಟ್ಟರು. ಮಗಳು ಆಸ್ಪತ್ರೆಯ ನರ್ಸು. ಇಡೀ ವಾರ್ಡನ್ನು ಒಂದು ಹುಬ್ಬಿನಲ್ಲಿ ಆಳುವವಳು. ಖಜಾನೆ ಅವಳ ಹತ್ತಿರ ಇದ್ದರೆ ಒಂದು ಬಿಡಿಗಾಸೂ ಎದ್ದು ಓಡಾಡುವಂತಿಲ್ಲ.

ಓಣಿಯ ತುದಿಯ ಗಾಳದ ಸಾಮಾನಿನ ಅಂಗಡಿಯಲ್ಲಿ ರಬ್ಬರು ಮತ್ತು ಎಣ್ಣೆಯ ವಾಸನೆ. ಗೋಡೆಯುದ್ದಕ್ಕೂ ಕೋಲುಗಳು ಜೊಂಡಿನ ಹಾಗೆ ನಿಂತಿದ್ದವು.

“ಬಾಸ್ ಹಿಡಿಯೋಕೆ ಒಂದೊಂದು ಆಟಕ್ಕೆ ಒಂದೊಂದು ಕೋಲು ಇದೆ,” ಅಂಗಡಿಯವರು ಶುರುಮಾಡಿದರು.

“ನಮ್ಮ ಹತ್ರ ಒಂದೇ ಕೋಲಿಗೆ ದುಡ್ಡಿರೋದು. ಎಲ್ಲ ಆಟಾನೂ ಅದೇ ಆಡ್ಬೇಕು,” ಎಂದಳು ಹೆಂಡತಿ.

“ನಮ್ಮ ವರ್ಕ್‌ಶಾಪಲ್ಲೂ ಒಬ್ರು ಬಾಸ್ ಇದ್ದಾರೆ,” ಅಳಿಯ ನಡುವೆ ತೂರಿದ. ಅವನು ಮೋಟಾರುಗಳಿಗೆ ಕಾಯಿಲ್ ಸುತ್ತುವವನು. ಯಾರ ದನಿಯನ್ನಾದರೂ ಕದಿಯುವುದು ಅವನ ಉಪಕಸುಬು. ಗಂಟಲು ದಪ್ಪ ಮಾಡಿ ತನ್ನ ಯಜಮಾನರಾದ. “‘ಏನಯ್ಯಾ, ಇನ್ನೂ ಮುಗೀಲಿಲ್ವಾ!’ ಅವರದ್ದೂ ಬಾಯಿ ದೊಡ್ಡದು. ಏನು ಹಾಕಿದ್ರೂ ನುಂಗ್ತಾರೆ.”

“ಅವರನ್ನ ಹಿಡಿದ್ರೆ ಆಮೇಲೆ ಸಾಕೋರು ಯಾರು? ಸುಮ್ನೆ ನಿಂತ್ಕೊಳ್ರೀ.”

ಅಂಗಡಿಯವರು ಮೂಲೆಯಿಂದ ಬೂದುಬಣ್ಣದ, ನೋಡಲು ಏನೇನೂ ಅಲ್ಲದ ಒಂದು ಕೋಲು ತೆಗೆದರು. ಏಳಡಿ ಉದ್ದ, ಎರಡು ತುಂಡು. “ಮೈ ಮಧ್ಯಮ ಗಟ್ಟಿ, ತುದಿ ಮಾತ್ರ ಚುರುಕು. ರಬ್ಬರ್ ಹುಳ ಎಸೀರಿ, ತಿರುಗೋ ತಗಡು ಎಸೀರಿ, ಬೇಡ ಅನ್ನಲ್ಲ.”

“ಮಧ್ಯಮ ವರ್ಗಕ್ಕೆ ಮಧ್ಯಮ ಗಟ್ಟಿ,” ಎಂದ ಅಳಿಯ. ಆದರೆ ಅವನ ಕಣ್ಣು ಗಾಜಿನ ಪೆಟ್ಟಿಗೆಯಲ್ಲಿದ್ದ, ದಾರ ಸುತ್ತುವ ಕೆಂಪು ರೀಲಿನ ಮೇಲಿತ್ತು. ಕೋಲಿನ ನೆತ್ತಿಯ ಮೇಲೆ ಕೂರುವ ಜಾತಿಯದು, ರೇಸು ಕಾರಿನ ಹಾಗೆ ತಗ್ಗಿ ಕೂತಿತ್ತು. ಹಿತ್ತಲಲ್ಲಿ ಒಂದು ಸಲ ಬೀಸಿ ನೋಡುತ್ತೇನೆಂದು ಬೀಸಿದ. ದಾರದ ತುದಿಯ ಸೀಸದ ಗುಂಡು ಮೂರು ಮಾರು ಹೋಯಿತು. ರೀಲು ಮಾತ್ರ ನಿಲ್ಲದೆ ತಿರುಗಿ, ದಾರವೆಲ್ಲ ಉಬ್ಬಿ ಗುಬ್ಬಚ್ಚಿ ಗೂಡಾಯಿತು.

“ಮೊಟ್ಟೆ ಯಾವಾಗ ಇಡ್ತೀರಿ?” ಎಂದಳು ಹೆಂಡತಿ.

ಅತ್ತೆ ಗುಂಡುಸೂಜಿಯಿಂದ ಗಂಟು ಬಿಡಿಸುತ್ತಿದ್ದಂತೆ ಅಂಗಡಿಯವರು ಸಮಾಧಾನ ಹೇಳಿದರು. “ಅದು ಕೈಗೆ ಹತ್ತೋಕೆ ಒಂದು ಬೇಸಿಗೆ ಬೇಕು. ಕೋಲಿನ ಕೆಳಗೆ ತೂಗೋ ಈ ರೀಲು ಇವತ್ತೇ ಮಾತು ಕೇಳುತ್ತೆ. ಒಳಗೆ ಎಷ್ಟು ಬೇರಿಂಗು ಅಂತ ಲೆಕ್ಕ ಕೇಳ್ಬೇಡಿ. ಮೀನು ಎಳೆದಾಗ ಬ್ರೇಕು ಹೇಗೆ ಬಿಟ್ಟುಕೊಡುತ್ತೆ ನೋಡಿ, ಅಷ್ಟೆ.”

ಅತ್ತೆ ಎರಡು ರೀಲುಗಳನ್ನು ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ದಾರ ಎಳೆದು ನೋಡಿದರು. ಒಂದು ತಡೆತಡೆದು ಬಿಟ್ಟಿತು. ಇನ್ನೊಂದು ಬೆಣ್ಣೆಯಂತೆ ಜಾರಿತು. “ಇದು,” ಎಂದರು. ಕಡಿಮೆ ಬೆಲೆಯದೇ ಅದು. ಖಜಾನೆಯ ಮುಖ ಅರಳಿತು.

“ದಾರ ನಾನೇ ಸುತ್ತಿಕೊಡ್ಲಾ?” ಎಂದು ಅಂಗಡಿಯವರು ಕೇಳಿದಾಗ ಅಳಿಯನ ಮೀಸೆ ಕೆರಳಿತು.

“ಸ್ವಾಮೀ, ಸುತ್ತೋದು ನನ್ನ ಕಸುಬು!”

ಮನೆಯಲ್ಲಿ ಕೂತು ಗಾಳದ ಆ ನುಣುಪಾದ ಹೆಣೆದ ದಾರವನ್ನು ಎಳೆಯ ಪಕ್ಕ ಎಳೆ ಬರುವಂತೆ ಸುತ್ತಿದ. ರೀಲಿನ ಉರುಳೆಗೆ ಮೊದಲು ಒಂಚೂರು ಮೇಣವನ್ನೂ ಸವರಿದ್ದ. ನೋಡಿದರೆ ಕಣ್ಣು ತಂಪಾಗುವ ಕೆಲಸ. ಕೋಲಿಗೆ ನಲ್ಲಿ ಪೈಪೊಂದನ್ನು ಕತ್ತರಿಸಿ, ಎರಡು ಮುಚ್ಚಳ ಹಾಕಿ, ಹೆಗಲಿಗೆ ಪಟ್ಟಿ ಕಟ್ಟಿ ಒರೆ ಮಾಡಿದ. ಬೆಳಕು ಹರಿಯುವ ಹೊತ್ತಿಗೆ ತಂಡ ಹೊರಟಿತು.

ಕಾಡು ಮೊದಮೊದಲು ಸಲಿಗೆಯಿಂದಲೇ ಇತ್ತು. ತೊರೆಯ ಪಕ್ಕ ಕಾಲುದಾರಿ, ಒದ್ದೆ ಎಲೆಯ ಮೆತ್ತೆ. ಅಳಿಯ ಕಾರ್ಯದರ್ಶಿಯ ದನಿಯಲ್ಲಿ ಮರಗಳಿಗೆ ಸ್ವಾಗತ ಭಾಷಣ ಮಾಡಿದ. ಅತ್ತೆ ನಗಲಿಲ್ಲ, ಬೇಡವೆನ್ನಲೂ ಇಲ್ಲ. ಏರಿದಂತೆ ಮರಗಳು ಒತ್ತಾದವು, ಅವುಗಳ ಕಾಂಡಗಳನ್ನು ಮೂವರೂ ಕೈಹಿಡಿದು ತಬ್ಬಿದರೂ ಸುತ್ತು ಮುಗಿಯುತ್ತಿರಲಿಲ್ಲ. ಬಿಸಿಲು ಮೇಲಿನಿಂದ ಸೋಸಿಕೊಂಡು ಹಸಿರಾಗಿ ಇಳಿಯುತ್ತಿತ್ತು. ಎಲ್ಲೋ ಒಂದು ಗುಡುಗು ನಿಲ್ಲದೆ ಗುಡುಗುತ್ತಿತ್ತು. ಮರಗಳು ಒಮ್ಮೆಲೇ ಸರಿದು ನಿಂತಾಗ ಗೊತ್ತಾಯಿತು, ಅದು ಗುಡುಗಲ್ಲ. ಬಾನಿನಂಚಿನಿಂದ ನೀರು ಬಿಳಿಯ ಗೋಡೆಯಾಗಿ ನಿಂತಲ್ಲೇ ಬೀಳುತ್ತಿತ್ತು. ಅದರ ಉಸಿರಿಗೇ ಅವರ ಬಟ್ಟೆ ಒದ್ದೆಯಾಯಿತು. ಅಳಿಯನಿಗೆ ಅಣಕಿಸಲು ಬಾರದ ದನಿಯೊಂದು ಇದೇ ಮೊದಲು ಸಿಕ್ಕಿತ್ತು.

“ಈ ನೀರಿನ ಹಿಂದೆ ಬಂಡೆಗೆ ಅಂಟಿಕೊಂಡ ಕಟ್ಟೆ ಇದೆ ಅಂತಿದ್ರು ಅವರು. ಅಲ್ಲಿಂದ ಆಚೆ ಹೋಗಿ ಹತ್ತೋದು,” ಎಂದು ಅತ್ತೆ ಕೂಗಿದರು.

ಕಟ್ಟೆ ಇತ್ತು. ಮಾವನ ಕತೆಯ ಮೊದಲ ಸಾಲು ನಿಜವಾಗಿತ್ತು.

ಆದರೆ ಕಟ್ಟೆ ಎಂದರೆ ಒಂದು ಪಾದದ ಅಗಲ. ಬಲಕ್ಕೆ ಬಂಡೆ. ಎಡಕ್ಕೆ ಬೀಳುವ ನೀರು. ಕೆಳಗೆ ಬರೀ ಬಿಳಿ ಹೊಗೆ.

ಹೆಂಡತಿ ಮುಂದೆ. ಅತ್ತೆ ನಡುವೆ, ಬೆನ್ನಿಗೆ ಪೈಪು. ಅಳಿಯ ಹಿಂದೆ.

ಅರ್ಧ ದಾರಿಯಲ್ಲಿ ಅತ್ತೆಯ ಚಪ್ಪಲಿ ಪಾಚಿಯ ಮೇಲೆ ಸುಯ್ಯೆಂದಿತು. ಕಾಲು ಹೋಯಿತು. ಸೊಂಟ ಹೋಯಿತು. ಅಳಿಯ ಪೈಪಿನ ಪಟ್ಟಿ ಹಿಡಿದ. ಅವನೂ ಜಾರಿದ!

ಖಟ್!

ಪೈಪು ಎರಡು ಬಂಡೆಗಳ ನಡುವೆ ಅಡ್ಡ ಸಿಕ್ಕಿಬಿತ್ತು. ಪಟ್ಟಿ ಬಿಗಿಯಿತು. ಅತ್ತೆ ಗಾಳಿಯಲ್ಲಿ ಅರ್ಧ, ಕಟ್ಟೆಯಲ್ಲಿ ಅರ್ಧ.

“ಅಮ್ಮಾ, ಕೆಳಗೆ ನೋಡ್ಬೇಡ! ಕೈ ಕೊಡು!”

ಮಗಳು ಮುಂದಿನಿಂದ ಎಳೆದಳು. ಅಳಿಯ ಹಿಂದಿನಿಂದ ತಳ್ಳಿದ. ಅತ್ತೆ ಮೊಣಕಾಲೂರಿ ಮೇಲೆ ಬಂದು, ಬಂಡೆಗೊರಗಿ, ಉಸಿರು ಸಿಕ್ಕಿದ ಕೂಡಲೇ ಕೇಳಿದರು. “ಕೋಲಿಗೇನೂ ಆಗಿಲ್ಲ ತಾನೆ?”

“ಕೋಲು ಚೆನ್ನಾಗಿದೆ ಅತ್ತೆ. ನನ್ನ ಎದೆ ಒಂದ್ಸಲ ನೋಡಿಸ್ಬೇಕು.”

ಸಂಜೆಗೆ ತುದಿ ತಲುಪಿ, ಬ್ರೆಡ್ಡು ತಿಂದು, ಬಂಡೆಯ ಮರೆಯಲ್ಲಿ ಒರಗಿದವರಿಗೆ ಎಚ್ಚರವಾದದ್ದು ಮರುದಿನದ ಬೆಳಕಿಗೆ. ಎದ್ದು ನೋಡಿದರೆ ಕೊಳ.

ಯಾರೋ ಬೆಟ್ಟವನ್ನು ಬೊಗಸೆ ಮಾಡಿ ಹಿಡಿದಂತಿತ್ತು. ಸುತ್ತ ಕಪ್ಪು ಕಲ್ಲಿನ ಗೋಡೆ, ನಡುವೆ ನೀರೆನ್ನಲೂ ಸಂಕೋಚವಾಗುವಷ್ಟು ತಿಳಿಯಾದ ನೀರು. ಮೋಡ ಮೇಲೆ ತೇಲುತ್ತಿತ್ತೋ ಒಳಗೋ ಹೇಳುವಂತಿರಲಿಲ್ಲ. ಯಾವ ಕಾಲದಲ್ಲೋ ಬಿದ್ದ ಮಹಾ ಮರವೊಂದು ತಳದಲ್ಲಿ ಮಲಗಿತ್ತು. ಅದರ ಕೊಂಬೆಗಳಿಗೆ ಪಾಚಿಯ ಎಲೆ ಬಂದು, ನೀರಿನಡಿಯಲ್ಲಿ ಅದು ಇನ್ನೊಮ್ಮೆ ಚಿಗುರಿದಂತಿತ್ತು. ಜಲಪಾತದ ಗುಡುಗು ಕಲ್ಲಿನ ಗೋಡೆಯಾಚೆಯೇ ಉಳಿದಿತ್ತು. ಗುಡಿಗೆ ಬಂದವರಂತೆ ಮೂವರೂ ಚಪ್ಪಲಿ ಬಿಟ್ಟು ದಡಕ್ಕಿಳಿದರು. ಆ ಮೂವರಲ್ಲಿ ಅಳಿಯನೂ ಒಬ್ಬ ಎನ್ನುವುದನ್ನು ಗಮನಿಸಬೇಕು.

ಹೆಂಡತಿಯೇ ಪಿಸುಗುಟ್ಟಿದಳು. “ಎಸೀರಿ.”

ರಬ್ಬರು ಹುಳ ಮುಳುಗಿದ ಮರದ ಪಕ್ಕ ಇಳಿಯಿತು. ಅಳಿಯ ತುದಿಯನ್ನು ಸಣ್ಣಗೆ ಕುಣಿಸಿದ. ಹುಳವನ್ನು ಅಣಕಿಸುವ ರಬ್ಬರನ್ನು ಅಣಕಿಸುವವನೊಬ್ಬ ಆಡಿಸುತ್ತಿದ್ದ. ಕೆಲಸ ಸರಿಯಾದ ಕೈಗೇ ಸಿಕ್ಕಿತ್ತು.

ಮರದ ನೆರಳಿನಲ್ಲಿ ಒಂದು ತುಂಡು ನೆರಳು ಬಿಡಿಸಿಕೊಂಡು ಬಂತು.

ಬಾಯಿ ತೆರೆಯಿತು. ಗುಹೆ! ಹುಳ ಮಾಯ!

“ಬಿತ್ತು!” ಅಳಿಯ ಎಳೆದ. ಕೋಲು ಬಾಗಿತು. ಹಿಡಿಕೆ ತಿರುಗಿಸಿದ, ತಿರುಗಿಸಿದ, ಒಂದೆಳೆಯೂ ಒಳಗೆ ಬರಲಿಲ್ಲ. ಬ್ರೇಕು ಬಿಗಿ ಮಾಡಿದ. ಆದರೂ ದಾರ ಸರಸರ ಹೊರಗೆ ಹೋಯಿತು. ನೋಡಿದರೆ ರೀಲಿನ ಮೇಲೆ ದಾರದ ಇಡೀ ಉಂಡೆಯೇ ಬಳೆಯ ಹಾಗೆ ಗಿರಗಿರ ಸುತ್ತುತ್ತಿತ್ತು!

ಮೀನು ತಲೆ ಕೊಡವಿತು. ಕೋಲು ನೆಟ್ಟಗಾಯಿತು.

ಅಳಿಯ ಕಲ್ಲಿನ ಮೇಲೆ ಕುಸಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಮೋಟಾರಿನ ಕಾಯಿಲನ್ನು ಮರದ ಅಚ್ಚಿನ ಮೇಲೆ ಸುತ್ತಿ, ಆಮೇಲೆ ಇಡಿಯಾಗಿ ಜಾರಿಸಿ ತೆಗೆಯಬೇಕು. ಜಾರಲೆಂದೇ ಅಚ್ಚಿಗೆ ಮೇಣ ಸವರುವುದು. ವರ್ಷಗಟ್ಟಲೆ ಜಾರಬೇಕೆಂದೇ ಸುತ್ತಿದ ಕೈ ಇಲ್ಲೂ ಜಾರುವ ಹಾಗೇ ಸುತ್ತಿತ್ತು.

“ಅತ್ತೆ, ತಪ್ಪಾಯ್ತು. ನಿಮ್ಮ ಮೀನು ಹೋಯ್ತು.”

ಅತ್ತೆ ಅವನನ್ನು ನೋಡುತ್ತಲೇ ಇರಲಿಲ್ಲ. ನೀರನ್ನೇ ನೋಡುತ್ತಿದ್ದರು. ಮುಖದಲ್ಲಿ ಹೊಸ ಬೆಳಕೊಂದಿತ್ತು. “ಇದೆ ಅಳಿಯಂದ್ರೇ,” ಎಂದರು. “ಇದೆಯಲ್ಲ!”

“ಇದೆ ಅಂತ ಬರೀ ಬಾಯಲ್ಲಿ ಹೇಳಿದ್ರೆ ಸಂಘದೋರು ನಿನಗೂ ಒಂದು ಕಪ್ಪು ಮಾಡಿಸ್ತಾರೆ ಅಮ್ಮಾ,” ಎಂದಳು ಮಗಳು. “ಏಳ್ರೀ. ದಾರ ಬಿಚ್ಚಿ.”

ದಾರವೆಲ್ಲ ಬಿಚ್ಚಿ ದಡದುದ್ದಕ್ಕೂ ಹಾಸಿದರು. ಉರುಳೆಯ ಮೇಣವನ್ನು ನರ್ಸಿನ ಚೀಲದ ಸ್ಪಿರಿಟ್ಟಿನಲ್ಲಿ ಒರೆಸಿ, ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಹೆಂಡತಿ ಅದರ ಸುತ್ತ ಬಿಗಿಯಾಗಿ ಸುತ್ತಿದಳು. ದಾರ ಹಿಡಿದುಕೊಳ್ಳಲು ಈಗ ಒರಟು ನೆಲ ಸಿಕ್ಕಿತು. ಅತ್ತೆ ಎರಡು ಬೆರಳ ನಡುವೆ ದಾರ ಬಿಗಿ ಹಿಡಿದು ನಡೆದು ಬಂದರು, ಅಳಿಯ ಸುತ್ತಿದ. ಈ ಸಲ ಉಳಿಯಲೆಂದು ಸುತ್ತಿದ.

ಸುತ್ತಿ ಮುಗಿದದ್ದೇ ಕೋಲನ್ನು ಅತ್ತೆಯ ಕೈಗಿಟ್ಟ. “ನೀವೇ.”

ಅತ್ತೆಯ ಮೊದಲ ಎಸೆತ ಕಲ್ಲಿಗೆ ಬಿತ್ತು. ಎರಡನೆಯದು ಕೊಂಬೆಗೆ. ಬಿಸಿಲು ಗೋಡೆಯಿಂದ ನೀರಿಗಿಳಿಯಿತು. ಮುಂದಿನ ಎಸೆತಕ್ಕೆ ಅಳಿಯ ಕಣ್ಣು ಮುಚ್ಚಿಕೊಂಡು ತೆರೆಯುವಷ್ಟರಲ್ಲಿ ನೀರು ಸಿಡಿಯಿತು.

ಬಾಸ್ ಎದ್ದಿತು! ಇಡೀ ಮೈ ನೀರಿನಿಂದಾಚೆ. ಹಸಿರು ಬೆನ್ನು, ಪಕ್ಕೆಯಲ್ಲಿ ಮಸಿ ಎಳೆದಂಥ ಪಟ್ಟೆ, ತೆರೆದ ಕಿವಿರುಗಳ ಕೆಂಪು. ಒಂದು ಗಳಿಗೆ ಗಾಳಿಯಲ್ಲಿ ನಿಂತು ಮೂವರನ್ನೂ ನೋಡಿದಂತಿತ್ತು. ಬಿದ್ದಾಗ ಬೆಟ್ಟ ಅದರ ಸದ್ದನ್ನು ತಿರುಗಿ ಹೇಳಿತು.

“ಎಳೀಬೇಡಿ ಅತ್ತೆ! ಬಿಡಿ!”

“ನನಗೆ ಹೇಳ್ಬೇಡಿ!”

ದಾರ ಹೋಯಿತು. ಅತ್ತೆ ಬಿಟ್ಟರು. ನಿಂತಿತು, ಎಳೆದುಕೊಂಡರು. ರೀಲಿನ ಬ್ರೇಕಿನ ಮೇಲೆ ಅವರ ಬೆರಳು ಮಷೀನಿನ ತಿರುಪಿನ ಮೇಲಿರುವಂತೆ ಹಗುರವಾಗಿತ್ತು. ಮರದತ್ತ ನುಗ್ಗಿದಾಗ ಆ ಬೂದು ಕೋಲು ಹಿಡಿಯವರೆಗೂ ಬಾಗಿ, ಮುರಿಯದೆ, ಮೀನಿನ ತಲೆಯನ್ನು ಮೆಲ್ಲಗೆ ತಿರುಗಿಸಿತು. ಪ್ಲಾಸ್ಟರು ಜಾರಲಿಲ್ಲ.

ಕೊನೆಗೆ ಅದು ಆಳವಿಲ್ಲದ ನೀರಿಗೆ ಬಂದು ಪಕ್ಕೆಗೆ ಮಲಗಿ ಉಸಿರಾಡಿತು. ಅತ್ತೆ ಮೊಣಕಾಲೂರಿ ಕೂತರು. ಹೆಂಡತಿ ಗಾಳ ಬಿಡಿಸಿ ಫೋನಿನಲ್ಲಿ ಫೋಟೋ ತೆಗೆದಳು. ಅತ್ತೆ ತಮ್ಮ ಕೈಯನ್ನು ನೀರಿನಲ್ಲಿ ಮೀನಿನ ಪಕ್ಕ ಚಾಚಿದರು. ಮೊಣಕೈ ಬಾಲದ ತುದಿಗೆ, ಬೆರಳು ಮುಂದಕ್ಕೆ. ಬೆರಳು ಮುಗಿಯಿತು. ಮೀನು ಮುಗಿಯಲಿಲ್ಲ. ಅಲ್ಲಿಂದ ಮುಂದೆ ಮೂತಿಯವರೆಗೆ ಇನ್ನೂ ಒಂದು ಗೇಣು.

“ಅತ್ತೆ!” ಅಳಿಯನ ಬಾಯಿಂದ ಅವನದೇ ದನಿ ಹೊರಟಿತು. “ಮಾವ ಒಂದು ಮೊಳ ಅಂದಿದ್ರಲ್ವಾ?”

ಅತ್ತೆ ಆ ಗೇಣನ್ನು ಇನ್ನೊಮ್ಮೆ ಅಳೆದು ನೋಡಿದರು. “ಪೂರ್ತಿ ಹೇಳಿದ್ರೆ ನಾನು ನಂಬಲ್ಲ ಅಂತ ಕತ್ತರಿಸಿ ಹೇಳಿದ್ದಾರೆ ಈ ಮಹರಾಯ,” ಎಂದರು. “ಎಷ್ಟು ಕತ್ತರಿಸಿದ್ರೂ ನನ್ನ ಅಳತೆಗೆ ಬರ್ಲಿಲ್ಲ.”

ನಗುತ್ತಿದ್ದರೋ ಅಳುತ್ತಿದ್ದರೋ, ಮುಖ ಮೊದಲೇ ಒದ್ದೆಯಾಗಿದ್ದರಿಂದ ತಿಳಿಯಲಿಲ್ಲ. ಕೈ ಸಡಿಲಿಸಿದರು. ಮೀನು ಅವಸರ ಮಾಡಲಿಲ್ಲ. ಬಾಲವನ್ನೊಮ್ಮೆ ಆಡಿಸಿ, ಆ ಮುಳುಗಿದ ಚಿಗುರಿನೊಳಗೆ ನಡೆದು ಹೋದಂತೆ ಹೋಯಿತು.

ಇಳಿಯುವಾಗ ಮಳೆ ಹಿಡಿಯಿತು. ಕಟ್ಟೆಯ ಮೇಲೆ ಮೂವರೂ ಕೂತುಕೊಂಡೇ ತೆವಳಿದರು. ಅಳಿಯನ ಪ್ಯಾಂಟಿನ ಹಿಂಭಾಗ ಅಲ್ಲೇ ಉಳಿಯಿತು. ಕೆಸರು ಮೆತ್ತಿದ ಆ ಅವತಾರದಲ್ಲೇ ನೇರವಾಗಿ ಸಂಘದ ಕೋಣೆಗೆ ಹೋದರು.

ಫೋಟೋ ಕೈಯಿಂದ ಕೈಗೆ ಹೋಯಿತು. ಹಿನ್ನೆಲೆಯ ಕಪ್ಪು ಕಲ್ಲು, ಮುಳುಗಿದ ಮರ, ಅಲ್ಲಾಡದ ಆ ನೀರು. ಕೊಳದವರೆಗೆ ಒಮ್ಮೆ ಹತ್ತಿಬಂದ ಹಳಬರಿಬ್ಬರು ಅದೇ ಕೊಳ, ಹೌದು ಎಂದು ತಲೆಯಾಡಿಸಿದರು. ಕಾರ್ಯದರ್ಶಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕಪ್ಪನ್ನು ತಮ್ಮ ಕಡೆಗೆಳೆದುಕೊಂಡು ಉಜ್ಜುಕಾಗದಕ್ಕೆ ಹುಡುಗಾಡತೊಡಗಿದರು.

“ಅಳತೆ ಎಷ್ಟಿತ್ತಮ್ಮಾ?” ಎಂದು ತಲೆ ತಗ್ಗಿಸಿಯೇ ಕೇಳಿದರು.

“ಎಷ್ಟಾ? ಒಂದು ಮೊಳ, ಅದರ ಮೇಲೆ...” ಎಂದು ಅಳಿಯ ಎದ್ದೇ ಬಿಟ್ಟ. ಅವನ ಪಾದದ ಮೇಲೆ ಅತ್ತೆಯ ಹಿಮ್ಮಡಿ ಕೂತಿತು.

“ಒಂದು ಮೊಳ,” ಎಂದರು ಅತ್ತೆ. “ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿ ಇಲ್ಲ. ನಮ್ಮ ಯಜಮಾನ್ರು ಹೇಳಿದಷ್ಟೇ.”

ಅಳಿಯ ಪಾದ ನೀವಿಕೊಳ್ಳಲೆಂದು ಬಗ್ಗಿದ. ಮೇಜಿನ ಕೆಳಗೆ, ಯಾರಿಗೂ ಕಾಣದಂತೆ, ಅತ್ತೆಯ ಎಡಗೈ ಮಡಿಲಲ್ಲಿ ಗೇಣಗಲ ಬಿಚ್ಚಿಕೊಂಡು ಕೂತಿತ್ತು.